ಬಾಗೇವಾಡಿಯ ‘ಛಲೋ ಕೇಸ್’

ಎಂ.ಡಿ. ಪರೀಕ್ಷೆಗೆ ಇನ್ನೊಂದು ವಾರವಿತ್ತು. ಸಿಂದಗಿಯ ದವಾಖಾನೆಗೆ ರಜೆ ಹಾಕಿ, ಪುಸ್ತಕಗಳ ಗಂಟು ಕಟ್ಟಿಕೊಂಡು ನಾನು ಬಸವನ ಬಾಗೇವಾಡಿಗೆ ಹೋದೆ. ಅಲ್ಲಿ ನನ್ನ ಸಹಪಾಠಿಯೊಬ್ಬ ಮನೆಯ ಮುಂಭಾಗದಲ್ಲೇ ದವಾಖಾನೆ ನಡೆಸುತ್ತಿದ್ದ. ಅವನೂ ಅದೇ ಪರೀಕ್ಷೆಗೆ ಕಟ್ಟಿದ್ದ. ಇಬ್ಬರೂ ಕೂಡಿ ಓದೋಣ ಎಂದು ಅವನೇ ಕರೆಸಿಕೊಂಡಿದ್ದ. ಅರವತ್ತರ ದಶಕದ ಆರಂಭದ ಮಾತಿದು. ನಮ್ಮ ಕಡೆಯ ತಾಲೂಕುಗಳಲ್ಲಿ ಎಂ.ಡಿ. ಆದವರನ್ನು ಹುಡುಕಬೇಕಿತ್ತು. ಹಾಗಾಗಿ ಅವನ ತಾಯಿ ನಮ್ಮಿಬ್ಬರನ್ನೂ ಮದುಮಕ್ಕಳಂತೆ ಉಪಚರಿಸುತ್ತಿದ್ದರು.

ಮೊದಲ ದಿನ ಹೃದಯ, ಶ್ವಾಸಕೋಶ ಮುಗಿಸಿದೆವು. ಮರುದಿನ ಬೆಳಿಗ್ಗೆ ಚೂಡಾ ತಿನ್ನುತ್ತಲೇ ಅವನು, “ಏಳು, ನಿನಗ ಒಂದು ಛಲೋ ಕೇಸ್ ತೋರಸ್ತೇನಿ,” ಎಂದು ಹಿತ್ತಲಿಗೆ ಕರೆದೊಯ್ದ.

ಹೊಟ್ಟು ತುಂಬುವ ಕೋಣೆಯಲ್ಲಿ, ಕಂಬಳಿಯ ಮೇಲೆ, ಇಂಗಳೇಶ್ವರದ ಹೆಣ್ಣುಮಗಳೊಬ್ಬಳು ಗೋಡೆಗೆ ಆತು ಕೂತಿದ್ದಳು. ಕೈಕಾಲು ಕಡ್ಡಿಯಂತೆ ಒಣಗಿದ್ದವು. ಯಕೃತ್ತು ಕೆಟ್ಟು, ನೀರು ತುಂಬಿ, ಹೊಟ್ಟೆ ಮಾತ್ರ ಬಿಗಿದು ಹೊಳೆಯುತ್ತಿತ್ತು. ಜೊತೆಗೆ ಬಂದಿದ್ದ ಅವಳ ಅಣ್ಣ ಬಾಗಿಲಲ್ಲಿ ನಿಂತಿದ್ದ.

ಗೆಳೆಯ ಎಣ್ಣೆಗೈಯನ್ನು ಪಾಯಜಾಮಕ್ಕೆ ಒರೆಸಿಕೊಂಡು, “ಮಕ್ಕೋ,” ಎಂದ. ಮಲಗಿದೊಡನೆ ಆಕೆಗೆ ಉಸಿರು ಸಿಕ್ಕಿಕೊಂಡಿತು. ಅವನು ಹೊಟ್ಟೆಯ ಮೇಲೆ ಬೆರಳಿಟ್ಟು ಬಡಿದ. ಎಡಕ್ಕೆ ಹೊರಳಿಸಿ ಬಡಿದ, ಬಲಕ್ಕೆ ಹೊರಳಿಸಿ ಬಡಿದ. ಆಮೇಲೆ ಆಕೆಯ ಅಂಗೈಯನ್ನೇ ಹೊಟ್ಟೆಯ ನಡುವೆ ಒತ್ತಿಡಿಸಿ, ಒಂದು ಮಗ್ಗುಲಿಗೆ ಬೆರಳಿನಿಂದ ಚಿಮ್ಮಿದ. ಇನ್ನೊಂದು ಮಗ್ಗುಲಲ್ಲಿಟ್ಟಿದ್ದ ನನ್ನ ಕೈಗೆ ನೀರಿನ ಅಲೆ ಬಂದು ತಾಗಿತು. ಪುಸ್ತಕದಲ್ಲಿ ಬರೆದಂತೆಯೇ ಇತ್ತು.

“ನೀರ ಯಾವಾಗ ತಗೀತೀರಿ ಸಾಹೇಬ್ರ?” ಅಣ್ಣ ಕೇಳಿದ. “ಬಂದಾಗಿಂದ ಕುಂತ ನಿದ್ದಿ ಮಾಡಾಕತ್ತಾಳ.”

“ತಗಿಯೂಣು. ಇನ್ನೂ ತಪಾಸಣಿ ಮುಗಿದಿಲ್ಲ.”

ಮೇಲಿನ ಕೋಣೆಗೆ ಬಂದ ಮೇಲೆ ನಾನು, “ಯಾಕ ತಡದಿ?” ಎಂದೆ.

“ತಗದ್ರ ನೋಡಾಕ ಏನ ಉಳೀತೈತಿ? ಪರೀಕ್ಷಾದಾಗ ಇಂಥಾದ್ದ ಇಡ್ತಾರ. ನಾಳೆ ಮುದ್ದೇಬಿಹಾಳದಿಂದ ಇನ್ನೊಬ್ಬಾವ ಬರ್ತಾನ, ಅವಗೂ ತೋರಸಬೇಕು. ಪರೀಕ್ಷಾಕ್ಕ ಹುಬ್ಬಳ್ಳಿಗೆ ಹೋಗೂ ದಿನ ತಗದು ಕಳಸ್ತೇನಿ. ಫೀ ಕೇಳಿಲ್ಲ, ಊಟಾ ಹಾಕಾಕತ್ತೇನಿ. ಮತ್ತೇನ ಬೇಕು ಅಕಿಗೆ?”

ಅವನು ಮುಂದಿನ ಅಧ್ಯಾಯ ತೆರೆದು, ಗಟ್ಟಿಯಾಗಿ ಓದತೊಡಗಿದ. ನಾನು ಎದ್ದು ಕೆಳಗಿಳಿದೆ.

ಆಕೆ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. “ಇವತ್ತ ಇಬ್ಬರು ಡಾಕ್ಟರ್ ಕೂಡಿ ಬಡದ ನೋಡೀರಿ. ಇನ್ನರ ಉಸಿರು ಹಗರ ಆಗತೈತೇನ್ರಿ?” ಎಂದಳು. ಆ ಬಡಿತವನ್ನೇ ಆಕೆ ಔಷಧಿಯೆಂದು ತಿಳಿದಿದ್ದಳು.

ಅವನ ದವಾಖಾನೆಯಿಂದಲೇ ಸೂಜಿ, ನಳಿಕೆ ತಂದು ಕುದಿಸಿದೆ. ಗೆಳೆಯ ಬಾಗಿಲಿಗೆ ಬಂದು, ಅಣ್ಣನಿಗೆ ಕೇಳದಂತೆ, “ಒಂದ ವಾರ ತಡದಿದ್ರ ಸಾಯ್ತಿದ್ದಳೇನು?” ಎಂದ. ನಾನು ಸೂಜಿ ಚುಚ್ಚಿ ನಳಿಕೆ ಜೋಡಿಸಿದೆ. ನೀರು ಇಳಿದಂತೆಲ್ಲ ಹೊಟ್ಟೆಗೆ ಸುತ್ತಿದ್ದ ಬಟ್ಟೆಯನ್ನು ಬಿಗಿಗೊಳಿಸುತ್ತಾ, ನಾಡಿ ನೋಡುತ್ತಾ ಕೂತೆ. ಒಣಹುಲ್ಲಿನ ಬಣ್ಣದ ನೀರು ಬಕೆಟ್ಟಿಗೆ ನಿಧಾನವಾಗಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಆಕೆ ಅಂಗಾತ ಮಲಗಿ, ಬಾಯಿ ತೆರೆದು ನಿದ್ದೆಹೋದಳು.

ಗೆಳೆಯನ ತಾಯಿ ಹೋಳಿಗೆ ಬಡಿಸಿದ್ದರು. ನಾನು ಉಣ್ಣದೆ ಎದ್ದೆ. ಮತ್ತೆ ನೀರು ತುಂಬಿದರೆ ಸಿಂದಗಿಗೆ ಕರೆತರುವಂತೆ ಅಣ್ಣನಿಗೆ ಹೇಳಿ, ಆಕೆ ಎದ್ದು ಗಂಜಿ ಕುಡಿದ ಮೇಲೆ ಸಂಜೆಯ ಬಸ್ಸು ಹಿಡಿದೆ. ಉಳಿದ ದಿನಗಳಲ್ಲಿ ಒಬ್ಬನೇ ಓದಿದೆ. ಓದು ತಲೆಗೆ ಹತ್ತಲಿಲ್ಲ.

ಗೆಳೆಯ ಆ ಸಲವೇ ಪಾಸಾದ. ನಾನು ಫೇಲಾಗಿ ಮುಂದಿನ ಸಲ ಪಾಸಾದೆ. ಆ ಹೆಣ್ಣುಮಗಳು ನೀರು ತೆಗೆಸಿಕೊಳ್ಳಲು ಎರಡು ಸಲ ಸಿಂದಗಿಗೆ ಬಂದಳು. ಆಮೇಲೆ ಬರಲಿಲ್ಲ. ಗೆಳೆಯನ ರೋಗನಿದಾನ ಬಹಳ ಚೆನ್ನಾಗಿದೆಯೆಂದು ಜನ ಹೊಗಳುತ್ತಿದ್ದರು. ಇರಬಹುದು.

ಕೆಲವು ವರ್ಷಗಳ ನಂತರ ಇಂಡಿ ಊರಲ್ಲಿ ಒಂದು ಮದುವೆಯ ಊಟಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತೆವು. ಅವನು ಪಕ್ಕದವರಿಗೆ ನನ್ನ ಪರಿಚಯ ಮಾಡಿಸಿದ: “ಈತ ನನ್ನ ಛಲೋ ಕೇಸ್ ಕೆಡಿಸಿದಾವ್ರಿ.” ನಡೆದದ್ದನ್ನೆಲ್ಲ ಬಣ್ಣಿಸಿ ಹೇಳಿ, ಎಲ್ಲರನ್ನೂ ನಗಿಸಿ, ನನ್ನತ್ತ ಬಾಗಿ, “ಇನ್ನೂ ಸಿಟ್ಟೈತೇನು?” ಎಂದ.

“ಸಿಟ್ಟಲ್ಲೋ, ಹೇಸಿಗಿ ಬಂದೈತಿ,” ಎಂದು ನಾನು ಕೈ ತೊಳೆಯಲು ಎದ್ದೆ.

ಅದನ್ನೂ ಚೇಷ್ಟೆಯೆಂದುಕೊಂಡು ಅವರು ಮತ್ತೆ ನಕ್ಕರು.