ಓಟದ ನಡುವೆ ಕುಂತವರು

ಸೊಕ್ಕೆ ಊರಿನ ಹೊಲಗಳ ನಡುವೆ ಐವತ್ತೈದು ಕಿಲೋಮೀಟರ್ ಓಟ ನಡೆಸುತ್ತೇನೆ ಎಂದಾಗ ನಕ್ಕವರಿಗೆ, ನಡೆಸಿಯೇ ತೋರಿಸಿದೆ. ಬಿಸಿಲಿಗೆ ಮಾತ್ರ ನನ್ನ ಹಟ ಗೊತ್ತಿರಲಿಲ್ಲ. ಹನ್ನೊಂದಕ್ಕೆಲ್ಲ ದಾರಿ ನೀರಿನಂತೆ ಅಲುಗುತ್ತಿತ್ತು. ಓಟಗಾರರು ಅದರ ಮೇಲೆ ತೇಲಿ ಬರುವಂತೆ ಕಾಣುತ್ತಿದ್ದರು.

ಒಬ್ಬರು ತೂರಾಡುತ್ತಾ ಬಂದರು. ಮೈಯಲ್ಲಿ ಬೆವರೇ ಇರಲಿಲ್ಲ. ಅದು ಜೀವಕ್ಕೆ ಕುತ್ತು ಎಂದು ಓದಿ ತಿಳಿದಿದ್ದೆ.

"ನಿಲ್ರಿ, ನಿಮ್ಮ ಓಟ ಮುಗೀತು" ಎಂದೆ.

"ಆಗಲ್ಲ ಮೇಡಂ. ಸೋತು ಮನಿಗೆ ಹೋಗಲ್ಲ" ಎಂದು ತೊದಲಿದರು.

ನಾನು ನಿಯಮ ಹೇಳಿದಷ್ಟೂ ಅವರು ಮುಂದೆ ಹೆಜ್ಜೆಯಿಟ್ಟರು. ದಾರಿ ಪಕ್ಕದ ಹುಣಸೆಮರದಡಿ ಕುರಿ ಕಾಯುತ್ತಿದ್ದ ಅಜ್ಜಿಯೊಬ್ಬರು ಕಂಬಳಿ ಹಾಸಿದರು.

"ಬಿಸಿಲು ನೆತ್ತಿಗೇರೈತೆ. ಓಡಾಕೆ ಆಮೇಲೆ ಹೋಗುವಂತಿ. ಕುಂತ್ಕೊಳಪ್ಪ, ಮಜ್ಜಿಗೆ ಕುಡಿ."

ಅವರು ಕುಂತೇಬಿಟ್ಟರು! ತಲೆಗೆ, ಕುತ್ತಿಗೆಗೆ ನಾನು ನೀರು ಸುರಿದೆ. ಫೋನ್ ಮಾಡಿ ಕರೆಸಿದ ನಮ್ಮ ಓಟದ ಡಾಕ್ಟರು ಬರುವಷ್ಟರಲ್ಲಿ ಮೈ ತಣಿದು, ಮಾತು ನೆಟ್ಟಗಾಗಿತ್ತು.

"ಸೋತೆನಾ ಅಜ್ಜಿ?"

"ಕುಂತಿದೀಯಪ್ಪ, ಅಷ್ಟೆ. ಏನವ್ವಾ, ನೀನ್ಯಾಕೆ ನಿಂತೀ? ಕುಂತ್ಕೋ."

ಯಾರ ಮಾತೂ ಕೇಳದ ನಾನು ಕುಂತೆ. ಎಲೆಗಳ ನೆರಳು ಮೈಮೇಲೆ ಆಡುತ್ತಿತ್ತು, ಕುರಿಗಳು ಮೆಲುಕು ಹಾಕುತ್ತಿದ್ದವು.

ಫಲಿತಾಂಶದ ಹಾಳೆಯಲ್ಲಿ ಎರಡೇ ಕಾಲಂ ಇದ್ದವು: ಮುಗಿಸಿದವರು, ಬಿಟ್ಟವರು. ಮೂರನೆಯದನ್ನು ನಾನೇ ಪೆನ್ನಿನಲ್ಲಿ ಬರೆದೆ: ಕುಂತವರು. ಮೊದಲ ಹೆಸರು ಆ ಓಟಗಾರರದು. ಎರಡನೆಯದು, ಓಡದೇ ಇದ್ದರೂ, ನನ್ನದು.