ಹಸಿರು ಗೆರೆ ಬಿಡದ ಚುಕ್ಕಿಗಳು

ಕೊರೋನಾ ಮುಗಿದು ಎಲ್ಲ ಕಡೆ ಕೆಲಸ ಮತ್ತೆ ಶುರುವಾದ ವರ್ಷ ನಾನು ಹುಣಸೂರಿನ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಮಿಷನ್ ಆಪರೇಟರ್ ಆಗಿದ್ದೆ. ಹನಿ ನೀರಾವರಿಗೆ ಬೇಕಾದ ಕಪ್ಪು ಪೈಪು ಅಲ್ಲಿ ತಯಾರಾಗುತ್ತಿತ್ತು. ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ. ಮೊದಲು ಎರಡು ವರ್ಷ ಪೈಪಿನ ಸುರುಳಿ ಹೊತ್ತು ಲಾರಿಗೆ ತುಂಬಿದವನು. ಮಿಷನ್ ಮುಂದೆ ನಿಲ್ಲುವ ಹಾಗಾದದ್ದು ತಂಗಿ ರತ್ನಳಿಂದ. ಪಿಯುಸಿ ಮುಗಿಸಿದ್ದ ಅವಳು ಅದೇ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುತ್ತಿದ್ದಳು. "ನಮ್ಮಣ್ಣಯ್ಯ ಕಲೀತಾನೆ ಸಾರ್, ಅವನಿಗೆ ನಾನು ಜವಾಬ್ದಾರಿ" ಎಂದು ಮ್ಯಾನೇಜರಿಗೆ ಹೇಳಿ ನನಗೆ ಮಿಷನ್ ಕೊಡಿಸಿದ್ದಳು. ಆ ಮಾತಿಗೆ ನಾನು ಏನು ಮಾಡಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವಳ ಕೆಲಸ ಹೀಗಿತ್ತು. ಗಂಟೆಗೊಮ್ಮೆ ಮಿಷನ್ನಿನಿಂದ ಸಾಲಾಗಿ ಇಳಿಯುವ ಐದು ಸುರುಳಿಗಳ ತುದಿಯಿಂದ ಗೇಣುದ್ದ ತುಂಡು ಕತ್ತರಿಸಬೇಕು. ಮೈಕ್ರೋಮೀಟರಿನಲ್ಲಿ ಪೈಪಿನ ದಪ್ಪ ಅಳೆಯಬೇಕು. ಒಂದು ಮಿಲಿಮೀಟರ್ ಇರಬೇಕೆಂಬುದು ಲೆಕ್ಕ. ಐದರ ಸರಾಸರಿ ತೆಗೆದು ಗೋಡೆಯ ಮೇಲಿನ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕಿ ಇಡಬೇಕು. ಹಾಳೆಯ ನಡುವೆ ಹಸಿರು ಗೆರೆ, ಮೇಲೊಂದು ಕೆಳಗೊಂದು ಕೆಂಪು ಗೆರೆ. ಇದಕ್ಕೆ ಕಂಟ್ರೋಲ್ ಚಾರ್ಟ್ ಎನ್ನುತ್ತಾರೆ. ಚುಕ್ಕಿ ಕೆಂಪು ಗೆರೆ ದಾಟಿದರೆ ಮಿಷನ್ ನಿಲ್ಲಿಸಬೇಕು. ದಾಟದಿದ್ದರೂ ಏಳು ಚುಕ್ಕಿ ಸತತವಾಗಿ ಹಸಿರಿನ ಒಂದೇ ಕಡೆ ಬಿದ್ದರೆ ಆಗಲೂ ನಿಲ್ಲಿಸಬೇಕು. "ಜ್ವರ ಬರೋಕೆ ಮುಂಚೆ ಮೈ ಬೆಚ್ಚಗಾಗಲ್ವಾ, ಅಂಗೆ ಕಣಣ್ಣಯ್ಯ ಇದು" ಎಂದು ಅವಳು ನನಗೆ ಹೇಳಿಕೊಟ್ಟಿದ್ದಳು.

ಆ ಮಳೆಗಾಲದಲ್ಲಿ ನನ್ನ ಮಿಷನ್ನಿನ ಒಂದು ಹೀಟರ್ ಸೋತಿತು. ಪ್ಲಾಸ್ಟಿಕ್ ಸಮನಾಗಿ ಕರಗದೆ ಪೈಪು ಒಮ್ಮೆ ಸರಿಯಾಗಿ, ಒಮ್ಮೆ ತೆಳುವಾಗಿ ಬರತೊಡಗಿತು. ನಿಲ್ಲಿಸಿದರೆ ಒಳಗಿನ ಪ್ಲಾಸ್ಟಿಕ್ ಗಟ್ಟಿಯಾಗಿ, ಮತ್ತೆ ಶುರುಮಾಡಲು ಅರ್ಧ ಶಿಫ್ಟ್ ಬೇಕು. ಯಾರ ಮಿಷನ್ ಎಷ್ಟು ಸಲ ನಿಂತಿತು ಎಂದು ಬಾಗಿಲ ಬಳಿಯ ಬೋರ್ಡಿನಲ್ಲಿ ಹೆಸರಿನ ಮುಂದೆ ಗೀಟು ಎಳೆಯುತ್ತಿದ್ದರು. ಅದೇ ವಾರ ನನ್ನ ಹೆಸರಿನ ಮುಂದೆ ಮೂರು ಗೀಟು ಬಿದ್ದವು. "ಏನ್ಲಾ, ಮತ್ತೆ ಲಾರಿಗೆ ಬತ್ತೀಯಾ? ನಿನ್ ಜಾಗ ಅಂಗೇ ಮಡಗಿದ್ದೀವಿ" ಎಂದು ಲೋಡಿಂಗಿನವರು ನಕ್ಕರು. ನಾನೂ ನಕ್ಕೆ. ಆದರೆ ಹೊರಡುವಾಗ ಆ ಗೀಟುಗಳನ್ನು ಮತ್ತೊಮ್ಮೆ ಎಣಿಸಿದೆ.

ಮಾರನೆಯ ದಿನ ರತ್ನ ಕತ್ತರಿ ಹಿಡಿದು ಬಂದಾಗ, "ನೀ ಯಾಕವ್ವ ಈ ಶಾಖದಾಗೆ ಬತ್ತೀಯ? ಕೂತ್ಕೊ, ನಾನೇ ಕುಯ್ದು ತಂದ್ಕೊಡ್ತೀನಿ" ಎಂದೆ. ತುಂಡನ್ನು ತಾನೇ ತೆಗೆಯಬೇಕೆಂಬುದು ಅವಳ ಕೆಲಸದ ನಿಯಮ. ಒಂದು ಗಳಿಗೆ ಅನುಮಾನಿಸಿ ನಿಂತಳು. "ಸಾಲಾಗಿ ಬಂದಿದ್ದನ್ನೇ ತತ್ತೀಯಾ?" ಎಂದಳು. "ಇನ್ನೇನು, ಮದುವೆಗೆ ಹೆಣ್ಣು ನೋಡ್ದಂಗೆ ನೋಡಿ ತರ್ತೀನಾ?" ಎಂದೆ. ನಕ್ಕು ಕತ್ತರಿ ನನ್ನ ಕೈಗೆ ಕೊಟ್ಟಳು.

ನಾನು ನೋಡಿಯೇ ತಂದೆ. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಪಿರಿಯಾಪಟ್ಟಣದ ಹರಾಜಿಗೆ ಸೊಪ್ಪಿನ ಬೇಲ್, ಅಂದರೆ ಮೂಟೆ, ಕಟ್ಟುವಾಗ ಅಪ್ಪ ಒಳ್ಳೆಯ ಎಲೆ ಆರಿಸಿ ಹೊರಗಡೆಗೆ ಜೋಡಿಸುತ್ತಿದ್ದರು, ಸುಮಾರಾದದ್ದು ಒಳಗೆ. ಕೊಳ್ಳುವವನ ಕಣ್ಣಿಗೆ ಬೀಳುವುದು ಹೊರಗಿನದು. ನಮ್ಮಲ್ಲಿ ಯಾರೂ ಅದನ್ನು ಮೋಸ ಎನ್ನುವುದಿಲ್ಲ, ನೀಟಾಗಿ ಕಟ್ಟಿದ್ದಾನೆ ಎನ್ನುತ್ತಾರೆ. ಹತ್ತು ವರ್ಷದವನಿದ್ದಾಗಿನಿಂದ ಎಲೆ ವಿಂಗಡಿಸಿದ ನನ್ನ ಹೆಬ್ಬೆರಳಿಗೆ ದಪ್ಪ ತೆಳು ಕಣ್ಣಿಗಿಂತ ಮೊದಲೇ ಗೊತ್ತಾಗುತ್ತದೆ. ಸುರುಳಿಯ ತುದಿಗಳನ್ನು ಹಿಚುಕಿ ನೋಡಿ, ಸರಿಯಾದ ಐದನ್ನು ಕತ್ತರಿಸಿ ತಟ್ಟೆಯಲ್ಲಿಟ್ಟು ಕೊಡುತ್ತಿದ್ದೆ. ಅವಳು ಒಂದೊಂದನ್ನೂ ಎರಡೆರಡು ಸಲ ಅಳೆದು ಬರೆಯುತ್ತಿದ್ದಳು. ಚುಕ್ಕಿಗಳು ಹಸಿರು ಗೆರೆ ಬಿಟ್ಟು ಅಲ್ಲಾಡಲಿಲ್ಲ. "ಮಿಷನ್ ನಿನ್ ಮಾತು ಕೇಳ್ತದೆ ಕಣಣ್ಣಯ್ಯ" ಎಂದು ಅವಳು ಹೆಮ್ಮೆಪಟ್ಟಳು. ಮೂರು ವಾರ ಹೀಗೆ ನಡೆಯಿತು. ತೆಳು ಸುರುಳಿಗಳು ಲಾರಿ ಹತ್ತಿ ಹೋದವು.

ನಾಲ್ಕನೇ ವಾರ ಎನ್. ಬೇಗೂರಿನ ಕಡೆಯ ಶುಂಠಿ ಬೆಳೆಗಾರರೊಬ್ಬರು ಒಡೆದ ಪೈಪಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡೇ ಬಂದರು. "ಪಂಪ್ ಹಾಕಿದ್ ತಕ್ಷಣ ಉದ್ದಕ್ಕೂ ಸೀಳ್ಕೊಂಡದೆ ಕಣ್ರೀ. ಮಡಿಯೆಲ್ಲ ಕೊಚ್ಕೊಂಡೋಯ್ತು. ಇದೇನ್ ಪೈಪಾ, ಈರುಳ್ಳಿ ಸಿಪ್ಪೆಯಾ?" ಎಂದು ಆಫೀಸಿನ ಮುಂದೆ ಎಸೆದರು. ಕ್ವಾಲಿಟಿ ಮ್ಯಾನೇಜರ್ ಪ್ರಕಾಶ್ ಸಾರ್ ಅಳೆದರು. ಒಂದು ಮಿಲಿಮೀಟರ್ ಇರಬೇಕಾದದ್ದು ಮುಕ್ಕಾಲೂ ಇರಲಿಲ್ಲ. ಸುರುಳಿಯ ಮೇಲಿನ ತಾರೀಖು ನೋಡಿ ಆ ದಿನದ ಚಾರ್ಟ್ ತರಿಸಿ, ರತ್ನಳನ್ನೂ ನನ್ನನ್ನೂ ಕರೆಸಿದರು.

ಅವರು ಹುಡುಕಿದ್ದು ಕೆಟ್ಟ ಚುಕ್ಕಿಯನ್ನಲ್ಲ. ತುಂಬ ಹೊತ್ತು ನೋಡಿ ಹೇಳಿದರು: "ಯಾವ ಮಿಷನ್ನೂ ಹೀಗೆ ಅಲ್ಲಾಡದೆ ಕೂರಲ್ಲಮ್ಮ. ಸರಿ ಇರೋ ಮಿಷನ್ ಕೂಡ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಉಸಿರಾಡ್ತದೆ. ಇದು ಅಳೆದು ಬರೆದಿದ್ದಲ್ಲ. ಕುರ್ಚಿ ಮೇಲೆ ಕೂತು ಬರೆದಿದ್ದು."

"ಇಲ್ಲ ಸಾರ್, ಒಂದೊಂದೂ ಅಳೆದಿದ್ದೀನಿ" ಎಂದಳು ರತ್ನ. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅನುಮಾನ ಇರಲಿಲ್ಲ. ಸಾಕ್ಷಿ ಸಿಕ್ಕಿದ ಧೈರ್ಯ ಇತ್ತು. "ಅಣ್ಣಯ್ಯನೇ ತುಂಡು ತಂದುಕೊಟ್ಟಿದ್ದು. ಕೇಳಿ ಸಾರ್."

"ಸಾಲಾಗಿ ಬಂದಿದ್ದನ್ನೇ ಕೊಟ್ಟೆಯೇನಪ್ಪಾ?" ಎಂದರು ಸಾರ್.

ಬಾಗಿಲಲ್ಲಿ ಲೋಡಿಂಗಿನವರು ನಿಂತಿದ್ದರು. "ಹೂಂ ಸಾರ್. ಬಂದದ್ದು ಬಂದಂಗೆ ಕೊಟ್ಟಿದ್ದೀನಿ" ಎಂದೆ.

ತುಂಡು ಸರಿಯಾಗಿ ಹೋಗಿದ್ದರೆ ಸುಳ್ಳು ಬರೆದವಳು ಅವಳೇ ಎಂದಾಯಿತು. ಅವತ್ತು ಮಧ್ಯಾಹ್ನವೇ ಅವಳನ್ನು ಕೆಲಸದಿಂದ ತೆಗೆದರು. ಮೈಕ್ರೋಮೀಟರನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ ಹೋದಳು.

ಸಂಜೆ ನಾನು ಮನೆಗೆ ಬಂದಾಗ ಜಗಲಿಯ ಮೇಲೆ ಹತ್ತು ಪೈಪಿನ ತುಂಡು ಹರಡಿಕೊಂಡು ಕೂತಿದ್ದಳು. ಆಫೀಸಿನ ಮುಂದೆ ಬಿದ್ದಿದ್ದ ಒಡೆದ ಸುರುಳಿಯಿಂದ ಕೆಲವನ್ನು, ಕಾರ್ಖಾನೆಯ ಸ್ಟಾಕಿನಿಂದ ಕೆಲವನ್ನು ಕತ್ತರಿಸಿ ತಂದಿದ್ದಳು. "ಅಣ್ಣಯ್ಯ, ಕಣ್ಮುಚ್ಕೊಂಡು ಹೇಳು, ಇದರಲ್ಲಿ ಯಾವುದು ತೆಳು?" ಎಂದಳು. ಮಾತು ಬೇರೆ ಕಡೆಗೆ ಹೋಯಿತಲ್ಲ ಎಂಬ ಸಮಾಧಾನಕ್ಕೋ, ನನ್ನ ಬೆರಳಿನ ಜಂಬಕ್ಕೋ, ಹಿಚುಕಿ ನೋಡಿ ನಾಲ್ಕನ್ನು ಬೇರೆ ಇಟ್ಟೆ. ಕಣ್ಣು ಬಿಟ್ಟಾಗ ಅವಳು ಅವುಗಳನ್ನೇ ನೋಡುತ್ತಿದ್ದಳು. ಒಂದೂ ತಪ್ಪಿರಲಿಲ್ಲ.

"ನಿಂಗೆ ಗೊತ್ತಾಗ್ತಿತ್ತು" ಎಂದಳು. "ಮಿಷನ್ ನಿಲ್ಸೋಕೆ ಹೆದರಿಕೊಂಡೆ ಅಂದಿದ್ರೆ ನಾನೇ ಸಾರ್ ಹತ್ರ ಮಾತಾಡ್ತಿದ್ದೆ. ನಿನ್ನ ಕೈ ಸುಳ್ಳು ಹೇಳಲ್ಲ. ನೀನು ಹೇಳ್ತೀಯ." ತುಂಡುಗಳನ್ನು ಸೆರಗಿಗೆ ತುಂಬಿಕೊಂಡು ಒಳಗೆ ಹೋದಳು.

ಒಂಬತ್ತು ದಿನ ನಾನು ಆ ಮಿಷನ್ ಮುಂದೆಯೇ ನಿಂತು ಕೆಲಸ ಮಾಡಿದೆ. ಬರೆಯಲು ನಾಚಿಕೆಯಾಗುವುದು ಈ ಒಂಬತ್ತು ದಿನಕ್ಕೆ. ಹತ್ತನೇ ದಿನ ಪ್ರಕಾಶ್ ಸಾರ್ ಎದುರು ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ತೋರಿಸೋಕೆ ಆರಿಸೋದು ಬೇರೆ, ತಿಳಿಯೋಕೆ ತೆಗೆಯೋದು ಬೇರೆ ಕಣಯ್ಯ. ನೀನು ಆ ಹುಡುಗಿ ಕಣ್ಣನ್ನೇ ಕಟ್ಟಿಬಿಟ್ಟೆ" ಎಂದರು. ನನ್ನನ್ನು ಮತ್ತೆ ಲಾರಿಗೆ ಹಾಕಿದರು. ರತ್ನಳಿಗೆ ವಾಪಸ್ ಬರಲು ಹೇಳಿ ಕಳಿಸಿದರು. ಅವಳು ಹೋಗಲಿಲ್ಲ. "ಅವತ್ತು, ಅವರೆಲ್ಲರ ಮುಂದೆ ಹೇಳ್ಬೇಕಾಗಿತ್ತು" ಎಂದಷ್ಟೇ ಅಮ್ಮನಿಗೆ ಹೇಳಿದಳಂತೆ.

ಈಗ ಅವಳು ನಮ್ಮೂರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆ. ಕ್ಯಾನಿನ ಮೇಲಿನ ಹಾಲನ್ನು ಎಂದೂ ತೆಗೆಯುವುದಿಲ್ಲ. ತಳದವರೆಗೆ ಕಲಕಿ ಆಮೇಲೆ ಅಳತೆಯ ಪಾತ್ರೆ ಅದ್ದುತ್ತಾಳೆ. ಬೆಳಗ್ಗೆ ನಮ್ಮ ಮನೆಯ ಹಾಲು ಒಯ್ಯುವವನು ನಾನೇ. ಇಬ್ಬರೂ ಹೊರಡುವುದು ಒಂದೇ ಮನೆಯಿಂದ. ಮೊದಲ ದಿನ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ, "ಕಲಕಿ ತಂದಿದ್ದೀನಿ ಕಣವ್ವ" ಎಂದು ನಾನೇ ಹಾಲು ತೆಗೆದುಕೊಡಲು ಅಳತೆಯ ಪಾತ್ರೆಗೆ ಕೈ ಹಾಕಿದೆ.

ರತ್ನ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸಾಲಿನಲ್ಲಿದ್ದ ಬೇರೆಯವರಿಗೆ ಹೇಳುವ ದನಿಯಲ್ಲೇ ನನಗೂ ಹೇಳಿದಳು:

"ಕ್ಯಾನು ಇಳಿಸಿ ಈಚೆ ನಿಂತ್ಕೊಳ್ರಿ. ನಾನೇ ತಕ್ಕೋತೀನಿ."