ಸೋಮಪ್ಪನ ಹಳದಿ ಚೀಟಿ

ರಾಜಗೋಪಾಲನಗರದ ನಮ್ಮ ಮನೆಯ ಮೇಲಿನ ಕೋಣೆಗೆ ಸೋಮಪ್ಪ, ಅವನ ಹೆಂಡತಿ ಮಲಕವ್ವ ಬಾಡಿಗೆಗೆ ಬಂದು ಒಂಬತ್ತು ವರ್ಷ ನಾಲ್ಕು ತಿಂಗಳಾಯಿತು. ಅವರ ಊರು ವಿಜಯಪುರದ ಕಡೆ. ಸೋಮಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಬೋಲ್ಟು ಅಳೆಯುವವನು. ಅಲ್ಲಿ ಪರೀಕ್ಷೆಯಾಗದ ಮಾಲಿಗೆ ಹಳದಿ ಚೀಟಿ ಕಟ್ಟುತ್ತಾರಂತೆ. ಚೀಟಿ ಬಿಚ್ಚುವವರೆಗೆ ಅದನ್ನು ಯಾರೂ ಕದಲಿಸುವಂತಿಲ್ಲ.

ಹೋದ ಆಷಾಢದಲ್ಲಿ ಮಲಕವ್ವನ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾಯಿತು. ಯಾವ ಔಷಧಿ ಕೊಡಬೇಕೆಂದು ತಿಳಿಯಲು ಗಂಟಿನ ಒಂದು ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸಬೇಕು, ಆ ರಿಪೋರ್ಟು ಬರದೆ ಏನೂ ಶುರು ಮಾಡುವಂತಿಲ್ಲ ಎಂದರು ಡಾಕ್ಟರು. ಹತ್ತು ದಿನ ಎಂದದ್ದು ಇಪ್ಪತ್ತಮೂರಾಯಿತು. ಸೋಮಪ್ಪ ದಿನವೂ ಆಸ್ಪತ್ರೆಯ ಲ್ಯಾಬಿಗೆ ಫೋನು ಮಾಡುವನು. "ನಾಳೆ ನೋಡಿ" ಎನ್ನುವರು.

ಹತ್ತು ದಿನ ಮೀರಿದ ಕೂಡಲೇ, ಸುಮ್ಮನೆ ಕೂರಲಾರದೆ ಅವನು ತನಗೆ ಗೊತ್ತಿದ್ದ ಕೆಲಸ ಮಾಡಿದ. ಹಳದಿ ಚೀಟಿ ತಂದು ಹೆಂಡತಿಯ ಮಂಚಕ್ಕೆ ಕಟ್ಟಿದ.

"ಟೆಸ್ಟ್ ಆಗೂತನಕ ನೀ ಇಲ್ಲಿಂದ ಏಳಬ್ಯಾಡ."

"ನಾ ಏನ್ ನಿಮ್ಮ ಬೋಲ್ಟ್ ಏನ್ರೀ?"

ಅಡುಗೆಯೂ ಅವನದೇ ಆಯಿತು. ಜೋಳದ ರೊಟ್ಟಿ ತಟ್ಟಿ ಬೇಯಿಸಿ, ಬೋಲ್ಟು ಅಳೆಯುವ ವರ್ನಿಯರ್ ಹಿಡಿದು ದಪ್ಪ ನೋಡುವನು. ಎರಡು ಮಿಲಿಮೀಟರ್ ಮೀರಿದರೆ ರಿಜೆಕ್ಟ್. ರಿಜೆಕ್ಟ್ ಆದದ್ದೆಲ್ಲ ನಮ್ಮ ಹಸುವಿಗೆ. ಒಂದು ವಾರದಲ್ಲಿ ಹಸು ಹುಲ್ಲು ಮೂಸುವುದನ್ನೇ ಬಿಟ್ಟಿತು. ಮಲಕವ್ವನಿಗೆ ಸಿಕ್ಕಿದ್ದು ದಿನಕ್ಕೆ ಒಂದೂವರೆ ರೊಟ್ಟಿ.

"ಏನಪ್ಪಾ, ಹಸ ದಪ್ಪ ಆಯ್ತು, ನಿನ್ನೆಂಡ್ತಿ ಸಣ್ಣ ಆದ್ಳು" ಎಂದೆ.

"ಕ್ವಾಲಿಟಿ ಬಿಡಾಕ ಆಗಂಗಿಲ್ರಿ ಅಮ್ಮಾ."

ಇಪ್ಪತ್ತನಾಲ್ಕನೇ ದಿನ ಅವನು ಕೆಲಸಕ್ಕೆ ಹೋದ ಮೇಲೆ ಮಲಕವ್ವ ಚೀಟಿ ಬಿಚ್ಚಿಕೊಂಡು, ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಟಳು. ಲ್ಯಾಬಿನ ಗುಮಾಸ್ತ ಟೀಗೆ ಏಳುತ್ತಿದ್ದ. ಇವಳು ಅವನ ಕುರ್ಚಿಗೆ ಚೀಟಿ ಕಟ್ಟಿದಳು.

"ಏನಮ್ಮಾ ಇದು?"

"ನಮ್ಮನಿಯವರ ಫ್ಯಾಕ್ಟರಿ ಕಾನೂನ್ರಿ ಸಾರ್. ನನ್ನ ಟೆಸ್ಟ್ ಆಗೂತನಕ ನೀವು ಕದಲಂಗಿಲ್ಲ."

ಸಾಲಿನಲ್ಲಿದ್ದವರು ನಕ್ಕರು. ಒಬ್ಬಾಕೆ "ಇನ್ನೊಂದ್ ಚೀಟಿ ಐತಾ ಅಕ್ಕಾ, ಡಾಕ್ಟ್ರಿಗೂ ಕಟ್ಟಾಣ" ಎಂದಳು. ಗುಮಾಸ್ತ ನಗಲಿಲ್ಲ. ಟೀ ಆರಿಹೋಗುತ್ತದೆಂದು ಬೀರು ತೆಗೆದ. ಮಲಕವ್ವನ ಗಂಟಿನ ಚೂರು ಅಲ್ಲೇ ಇತ್ತು. ಫಾರಂನಲ್ಲಿ ಒಂದು ಸಹಿ ಬಿಟ್ಟುಹೋಗಿ, ಅದನ್ನು ಕಳಿಸಿಯೇ ಇರಲಿಲ್ಲ. ಪಾಪ, ಅವನೇ ಎರಡು ಮಹಡಿ ಹತ್ತಿ ಸಹಿ ಹಾಕಿಸಿ ತಂದು ಆವತ್ತೇ ಕಳಿಸಿದ.

ಅದಾದ ಆರನೇ ದಿನ ರಿಪೋರ್ಟು ಬಂತು. ಮೂವರೂ ಹೋದೆವು. ಯಾವ ಔಷಧಿ ಎಂದು ಗೊತ್ತಾಯಿತು, ಸೋಮವಾರ ಅದರ ಮೊದಲ ಡ್ರಿಪ್ಪು ಎಂದರು ಡಾಕ್ಟರು. ಹೊರಗೆ ಬಂದ ಸೋಮಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತ.

"ಇಷ್ಟ್ ದಿನಾ ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ?" ಎಂದು ಮಲಕವ್ವ ಪಕ್ಕದಲ್ಲಿ ಕೂತು ಸೆರಗು ಕೊಟ್ಟಳು. "ಅಳ್ರಿ, ಅಳ್ರಿ. ಬಸ್ಸಿಗೆ ಇನ್ನೂ ಹೊತ್ತೈತಿ."